ತಮ್ಮನ ಹೆಂಡತಿ ಓದಿ ಹೇಳಿದ ಮೂರು ಪುಸ್ತಕ

ಬೇಲೂರಿನಲ್ಲಿ ನಾವು ಹನ್ನೊಂದು ಜನ ಸೇರಿ ಒಂದು ಓದುಗರ ಕೂಟ ನಡೆಸುತ್ತೇವೆ. ತಿಂಗಳಿಗೊಮ್ಮೆ ನಿವೃತ್ತ ಪೋಸ್ಟ್ ಮಾಸ್ತರರೊಬ್ಬರ ಮನೆಯ ಮಹಡಿಯಲ್ಲಿ ಚಾಪೆ ಹಾಸಿ ಕೂರುತ್ತೇವೆ. ಬೇಸಿಗೆಯ ಎರಡು ತಿಂಗಳು ಸಭೆ ಇರುವುದಿಲ್ಲ. ಅದರ ಬದಲು ಪ್ರತಿಯೊಬ್ಬರೂ ಮೂರು ಪುಸ್ತಕ ಓದಿ, ಜೂನ್ ತಿಂಗಳ ಮೊದಲ ಭಾನುವಾರ ಬಂದು, ಯಾವುದು ಯಾಕೆ ಹಿಡಿಸಿತು ಅಂತ ಹೇಳಬೇಕು. ಹೇಳಿದ್ದನ್ನು ಕೂಟದ ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಸಹಿ ಹಾಕಬೇಕು. ಈ ಸಹಿಯ ನಿಯಮ ಮಾಡಿದವಳು ನಾನೇ. ಬಾಯಲ್ಲಿ ಹೊಗಳಿ ಹಿಂದೆ ಬೇರೆ ಮಾತಾಡುವವರನ್ನು ಕಂಡರೆ ನನಗಾಗುವುದಿಲ್ಲ.

ಕೂಟದಲ್ಲಿ ನನ್ನನ್ನು ಕಂಡರೆ ಸ್ವಲ್ಪ ಭಯ ಇದೆ, ಅದು ನನಗೆ ಗೊತ್ತು. ಹಳೇಬೀಡಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು ನಾನು. ಲೆಕ್ಕದಲ್ಲಿ ಮಧ್ಯದ ಒಂದು ಹೆಜ್ಜೆ ಹಾರಿಸಿದ ಮಕ್ಕಳಿಗೆ ಉತ್ತರ ಸರಿಯಿದ್ದರೂ ಪೂರ್ತಿ ಅಂಕ ಕೊಟ್ಟವಳಲ್ಲ. ಕಾದಂಬರಿಯನ್ನೂ ಹಾಗೇ ಓದುತ್ತೇನೆ. ಮುನ್ನುಡಿಯಿಂದ ಹಿಡಿದು ಮುದ್ರಕರ ವಿಳಾಸದವರೆಗೆ ಬಿಡುವುದಿಲ್ಲ. ನನ್ನ ದೊಡ್ಡ ತಕರಾರು ಅಂತ್ಯಗಳ ಬಗ್ಗೆ. ಮುನ್ನೂರು ಪುಟ ನಮ್ಮನ್ನು ಎಳೆದುಕೊಂಡು ಬಂದು ಕೊನೆಯ ಹತ್ತು ಪುಟದಲ್ಲಿ ಕೈ ಬಿಡುವ ಲೇಖಕರೇ ಹೆಚ್ಚು. ಈ ಮಾತನ್ನು ನಾನು ಕೂಟದಲ್ಲೂ ಹೇಳುತ್ತಿದ್ದೆ, ಮನೆಯವರ ಮುಂದೆಯೂ ಹೇಳುತ್ತಿದ್ದೆ. ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು ಅಂತ ಈಗ ಅನ್ನಿಸುತ್ತದೆ.

ನಾನು ಮದುವೆಯಾಗಲಿಲ್ಲ. ಹಳೇಬೀಡಿನಲ್ಲಿ ಇಪ್ಪತ್ತು ವರ್ಷದ ಮೇಲಾಯಿತು ಒಂದೇ ಬಾಡಿಗೆ ಮನೆಯಲ್ಲಿದ್ದೇನೆ. ಸಂಜೆ ಬಸ್ತಿಹಳ್ಳಿಯವರೆಗೆ ನಡೆದು, ಬಸದಿಯ ಜಗಲಿಯ ಮೇಲೆ ಕೂತು, ಬೆಳಕಿರುವಷ್ಟು ಹೊತ್ತು ಓದಿ ವಾಪಸು ಬರುವುದು ರೂಢಿ. ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಮನೆ ಮಾಲೀಕ ಬಂದು, ಪ್ರವಾಸಿಗಳಿಗೆ ರೂಮು ಮಾಡಬೇಕು, ದಸರಾ ಹೊತ್ತಿಗೆ ಬಿಟ್ಟುಕೊಡಿ ಮೇಡಂ ಅಂದ. ನಾನು ಹೆದರಲಿಲ್ಲ. ಬಾಣಾವರದ ಹತ್ತಿರ ಅಪ್ಪನ ಎರಡೆಕರೆ ತೆಂಗಿನ ತೋಟ ಇತ್ತು. ಅದರಲ್ಲಿ ನನಗೂ ಪಾಲಿತ್ತು. ರಸ್ತೆ ಬದಿಯ ಮೂಲೆಯಲ್ಲಿ ಒಂದು ಹುಣಸೆ ಮರವಿದೆ. ಅಲ್ಲಿ ಅರ್ಧ ಎಕರೆ ಬಿಡಿಸಿಕೊಂಡು, ಎರಡು ಕೋಣೆ, ಮುಂದೊಂದು ಜಗಲಿ, ಗೋಡೆ ತುಂಬ ಪುಸ್ತಕದ ಕಪಾಟು ಮಾಡಿಕೊಂಡು ಇದ್ದುಬಿಡುವುದು ಅಂತ ಎಷ್ಟೋ ವರ್ಷದಿಂದ ಅಂದುಕೊಂಡಿದ್ದೆ. ಜಗಲಿ ಯಾವ ದಿಕ್ಕಿಗಿದ್ದರೆ ಸಂಜೆ ಬೆಳಕು ಹೆಚ್ಚು ಹೊತ್ತು ಸಿಗುತ್ತದೆ ಅನ್ನುವುದನ್ನೂ ನೋಡಿಟ್ಟಿದ್ದೆ.

ಶಿವರಾತ್ರಿಗೆ ಅರಸೀಕೆರೆಯ ಅಪ್ಪನ ಮನೆಗೆ ಹೋದಾಗ, ಅಲ್ಲಿರುವ ತಮ್ಮನಿಗೆ ಈ ವಿಷಯ ಹೇಳಿದೆ. ತೋಟ ನೋಡಿಕೊಳ್ಳುವವನು ಅವನೇ. ಕೊಬ್ಬರಿ ವ್ಯಾಪಾರವೂ ಅವನದೇ. ಕಡ್ಡಿ ಮುರಿದಂತೆ ಮಾತಾಡುವವನು ಅವತ್ತು ಮಾತ್ರ ‘ನೋಡಾಣ ಅಕ್ಕ’ ಅಂದ. ತಮ್ಮನ ಹೆಂಡತಿ ಊಟ ಬಡಿಸುತ್ತಿದ್ದಳು.

ಅಷ್ಟರಲ್ಲಿ ನನ್ನ ಕಣ್ಣಿನ ಪೊರೆ ಬಲಿತಿತ್ತು. ಹಾಸನದಲ್ಲಿ ಮಾರ್ಚಿನಲ್ಲಿ ಬಲಗಣ್ಣು, ಏಪ್ರಿಲ್‌ನಲ್ಲಿ ಎಡಗಣ್ಣು ಆಪರೇಷನ್ ಆಯಿತು. ಕನ್ನಡಕ ಕೊಡುವುದು ಮೇ ಕೊನೆಗೆ, ಅಲ್ಲಿಯವರೆಗೆ ಓದುವಂತಿಲ್ಲ, ಬಗ್ಗುವಂತಿಲ್ಲ, ಒಲೆ ಮುಂದೆ ನಿಲ್ಲುವಂತಿಲ್ಲ ಅಂದರು ಡಾಕ್ಟರು. ತಮ್ಮ ಬಂದು ಅರಸೀಕೆರೆಗೆ ಕರೆದುಕೊಂಡು ಹೋದ. ಓದುವಂತಿಲ್ಲ ಅಂದರೂ ಕೂಟಕ್ಕೆ ಆರಿಸಿಕೊಂಡಿದ್ದ ಮೂರು ಪುಸ್ತಕ ಚೀಲದಲ್ಲಿ ಬಂದವು. ಆ ಮೂರನ್ನೂ ನಾನೇ ಆರಿಸಿದ್ದೆ, ಅದನ್ನು ಮರೆಯಬಾರದು.

ತಮ್ಮನ ಹೆಂಡತಿ ಎಸ್ಸೆಸ್ಸೆಲ್ಸಿ ಪಾಸು. ಮದುವೆಯಾಗಿ ಬಂದ ಮೇಲೆ ಅವಳು ಪುಸ್ತಕ ಹಿಡಿದದ್ದು ನಾನು ಕಂಡಿಲ್ಲ. ಕ್ಯಾಲೆಂಡರಿನ ಹಿಂದೆ ಹಾಲಿನ ಲೆಕ್ಕ ಬರೆಯುವುದೇ ಅವಳ ಅಕ್ಷರ ಅಂದುಕೊಂಡಿದ್ದೆ. ಹೇಳಿಬಿಡುತ್ತೇನೆ, ಅವಳ ಬಗ್ಗೆ ನನಗೆ ಒಳಗೊಳಗೇ ತಾತ್ಸಾರವಿತ್ತು. ಒಂದು ದಿನ ಮಧ್ಯಾಹ್ನ ನನ್ನ ಕಣ್ಣಿಗೆ ಹನಿ ಹಾಕಿ, ಹತ್ತಿಯಿಂದ ಒರೆಸಿ, ನಾನು ಸುಮ್ಮನೆ ಮಾಳಿಗೆ ನೋಡುತ್ತ ಮಲಗಿದ್ದನ್ನು ಕಂಡು ಅವಳೇ ಕೇಳಿದಳು.

‘ನಾನ್ ಓದ್ಲಾ ಅಕ್ಕ? ತಪ್ಪಾದ್ರೆ ಬೈಬಾರ್ದು.’

ಹೀಗೆ ಶುರುವಾಯಿತು. ಮಧ್ಯಾಹ್ನ ಪಾತ್ರೆ ತೊಳೆದು, ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಕೂರುತ್ತಿದ್ದಳು. ಮೇಲೆ ಅಟ್ಟದ ತುಂಬ ತೆಂಗಿನಕಾಯಿ ಒಣಗುತ್ತಿತ್ತು. ಕರೆಂಟು ಹೋದರೆ ಒಂದು ಕೈಯಲ್ಲಿ ಬೀಸಣಿಗೆ, ಇನ್ನೊಂದರಲ್ಲಿ ಪುಸ್ತಕ. ಮೊದಲ ಎರಡು ದಿನ ತಡವರಿಸಿದಳು. ಮೂರನೆಯ ದಿನದಿಂದ ನನಗೆ ಅವಳು ಓದುತ್ತಿದ್ದಾಳೆ ಅನ್ನುವುದೇ ಮರೆತುಹೋಯಿತು. ಪಾತ್ರಗಳು ಕೋಣೆಯಲ್ಲೇ ಓಡಾಡುತ್ತಿದ್ದವು. ನಲವತ್ತು ವರ್ಷ ಒಬ್ಬಳೇ ಓದಿಕೊಂಡವಳಿಗೆ ಇನ್ನೊಬ್ಬರು ಓದಿ ಹೇಳುವ ಸುಖ ಗೊತ್ತಿರಲಿಲ್ಲ. ನಾನು ಸೋತುಹೋದೆ.

ಮೊದಲನೆಯದು ಒಂದು ದಪ್ಪ ಕಾದಂಬರಿ. ತಂದೆತಾಯಿ ಇಲ್ಲದ ತಮ್ಮಂದಿರನ್ನು ಅಕ್ಕ ಸಾಕುತ್ತಾಳೆ. ದೊಡ್ಡವರಾದ ತಮ್ಮಂದಿರು ಅವಳನ್ನು ಮನೆಯಲ್ಲಿ ಹೆಚ್ಚಾದ ಸಾಮಾನಿನ ಹಾಗೆ ಕಾಣುತ್ತಾರೆ. ಅವಳು ಪಾಲಿಗಾಗಿ ಕೋರ್ಟಿಗೆ ಹೋಗುತ್ತಾಳೆ. ಕೊನೆಯ ಅಧ್ಯಾಯದ ಮಧ್ಯಾಹ್ನ ತಮ್ಮನೂ ಕೊಬ್ಬರಿ ಮಂಡಿಯಿಂದ ಬೇಗ ಬಂದು ಬಾಗಿಲಲ್ಲಿ ಕೂತು ಕೇಳುತ್ತಿದ್ದ. ಅವಳು ಓದಿದ್ದು ಹೀಗೆ: ತೀರ್ಪಿನ ದಿನ ಅಕ್ಕ ಕೋರ್ಟಿನ ಮೆಟ್ಟಿಲ ಮೇಲೆ ನಿಂತು, ಕಿರಿಯ ತಮ್ಮನ ಚಪ್ಪಲಿ ಹರಿದಿರುವುದನ್ನು ನೋಡುತ್ತಾಳೆ. ಕೇಸು ಬೇಡ ಅಂತ ತಿರುಗಿಬಿಡುತ್ತಾಳೆ. ತಮ್ಮ ಅವಳ ಟ್ರಂಕನ್ನು ತಲೆಯ ಮೇಲೆ ಹೊತ್ತು ಮುಂದೆ ನಡೆಯುತ್ತಾನೆ. ಮನೆಯ ಮಧ್ಯೆ ಗೋಡೆ ಕಟ್ಟಲು ತಂದ ಇಟ್ಟಿಗೆಯಲ್ಲಿ ತುಳಸಿ ಕಟ್ಟೆ ಕಟ್ಟುತ್ತಾರೆ.

ನಾನು ಅತ್ತುಬಿಟ್ಟೆ. ಕಣ್ಣಲ್ಲಿ ನೀರು ಬರಬಾರದು ಅಂತ ಅವಳು ಗಾಬರಿಯಾಗಿ ಹತ್ತಿ ಹುಡುಕಿದಳು. ಇಂಥ ಅಂತ್ಯವನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ ಕಣೇ, ಆ ಹರಿದ ಚಪ್ಪಲಿ ಒಂದು ಸಾಕು ಅಂದೆ. ತಮ್ಮ ಎದ್ದು ಹೋಗಿ ಮುಖ ತೊಳೆದುಕೊಂಡ.

ಎರಡನೆಯದು ಸಣ್ಣಕತೆಗಳ ಸಂಕಲನ. ಹನ್ನೊಂದು ಕತೆ ಓದಿದಳು. ಅದರಲ್ಲಿ ಎರಡು ಚೆನ್ನಾಗಿದ್ದವು, ಉಳಿದವು ನೀರು ಮಜ್ಜಿಗೆ. ಮೂರನೆಯದು ಒಬ್ಬ ಮೇಷ್ಟ್ರಮ್ಮನ ಆತ್ಮಕತೆ. ಆಕೆಯೂ ಮದುವೆಯಾಗದವಳು. ಊರಾಚೆ ಒಂದು ಚಿಕ್ಕ ಮನೆ ಕಟ್ಟಿಕೊಂಡು ಒಬ್ಬಳೇ ಬಾಳಿದವಳು. ನಾನು ಅದನ್ನು ಯಾಕೆ ಆರಿಸಿಕೊಂಡಿದ್ದೆ ಅಂತ ಬೇರೆ ಹೇಳಬೇಕಿಲ್ಲ. ಆ ಮನೆಯ ಕಿಟಕಿ, ಬಾವಿ, ನುಗ್ಗೆ ಮರ ಎಲ್ಲ ಕೇಳುತ್ತ ನಾನು ನನ್ನ ಹುಣಸೆ ಮರದ ಕೆಳಗೆ ಓಡಾಡುತ್ತಿದ್ದೆ. ಆಮೇಲೆ ಕೊನೆಯ ಅಧ್ಯಾಯ ಬಂತು. ಮೇಷ್ಟ್ರಮ್ಮ ಬಚ್ಚಲಲ್ಲಿ ಜಾರಿ ಬೀಳುತ್ತಾಳೆ. ಎರಡು ದಿನ ಯಾರಿಗೂ ಗೊತ್ತಾಗುವುದಿಲ್ಲ. ನಲ್ಲಿಯಿಂದ ತೊಟ್ಟಿಕ್ಕುವ ನೀರಿಗೆ ಬಾಯಿ ತಾಗಿಸಲು ತೆವಳುತ್ತಾಳೆ, ಸಿಗುವುದಿಲ್ಲ. ಹಾಲಿನವಳು ಬಾಗಿಲು ಒಡೆಸಿ ಎತ್ತಿದ ಮೇಲೆ ಆಕೆ ಬರೆಯುತ್ತಾಳೆ: ನಾನು ಕಟ್ಟಿದ್ದು ಮನೆಯಲ್ಲ, ಬಾಗಿಲು ಮಾತ್ರ.

ಆ ಸಾಲು ಕೇಳಿದ ಮೇಲೆ ಎರಡು ದಿನ ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದುಕೊಂಡು ಹೋದೆ. ಮೂರನೆಯ ದಿನ ತಿಂಡಿ ತಿನ್ನುವಾಗ ನಾನೇ ತಮ್ಮನಿಗೆ ಹೇಳಿದೆ, ನನಗೆ ತೋಟದಲ್ಲಿ ಪಾಲು ಬೇಡ, ದಸರಾಕ್ಕೆ ಇಲ್ಲಿಗೇ ಬಂದುಬಿಡುತ್ತೇನೆ, ಮಹಡಿ ಕೋಣೆ ಸಾಕು ಅಂತ. ಯಾರೂ ಕೇಳಲಿಲ್ಲ, ಯಾರೂ ಒತ್ತಾಯ ಮಾಡಲಿಲ್ಲ. ತಮ್ಮ, ‘ಮನೆ ನಿಮ್ದೇ ಅಲ್ವಾ ಅಕ್ಕ’ ಅಂದ. ಪಹಣಿ ಒಂದೇ ಹೆಸರಿಗಿದ್ದರೆ ಅನುಕೂಲ ಅಂತ ಅದೇ ವಾರ ಹಕ್ಕು ಖುಲಾಸೆ ಪತ್ರ, ಅಂದರೆ ಪಾಲು ಬಿಟ್ಟುಕೊಟ್ಟೆ ಅನ್ನುವ ಪತ್ರ, ಬರೆಸಿದ. ನಮ್ಮ ಕಡೆ ಹೆಣ್ಣುಮಕ್ಕಳು ಅರಿಶಿನ ಕುಂಕುಮಕ್ಕೆ ಪಾಲು ಬಿಡುವುದು ಹೊಸದಲ್ಲ. ಅಂಥ ಹೆಂಗಸರನ್ನು ಸ್ಟಾಫ್ ರೂಮಿನಲ್ಲಿ ಕೂತು ಎಷ್ಟು ಬೈದಿದ್ದೇನೋ ಲೆಕ್ಕವಿಲ್ಲ.

ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಜನ ಕಿಕ್ಕಿರಿದಿದ್ದರು. ನನಗೆ ಇನ್ನೂ ಕನ್ನಡಕ ಬಂದಿರಲಿಲ್ಲ, ಕಪ್ಪು ಕನ್ನಡಕ ಹಾಕಿಕೊಂಡಿದ್ದೆ. ತಮ್ಮನ ಹೆಂಡತಿ ಬೆಂಚಿನ ಮೇಲೆ ಪಕ್ಕದಲ್ಲಿ ಕೂತು ಪತ್ರವನ್ನು ಮೊದಲ ಸಾಲಿನಿಂದ ಓದತೊಡಗಿದಳು. ಚಕ್ಕುಬಂದಿ, ಸರ್ವೆ ನಂಬರು, ಸದರಿ ಸ್ವತ್ತು, ಮತ್ತೆ ಸದರಿ ಸ್ವತ್ತು. ಸೆಕೆ, ಗಲಾಟೆ, ಕಣ್ಣುರಿ. ಸಾಕು ಬಿಡೇ, ಇದರಲ್ಲಿ ಕತೆ ಏನಿದೆ ಅಂದೆ. ಮಧ್ಯದಲ್ಲಿ ಇನ್ನೂ ಎರಡು ಪುಟ ಇದೆ ಅಂದಳು. ಕೊನೆ ಸಾಲು ಓದು ಅಂದೆ. ಓದಿದಳು. ಸಹಿ ಹಾಕಿದೆ. ಫೋಟೋ ತೆಗೆಯುವವನು ಕಪ್ಪು ಕನ್ನಡಕ ತೆಗೆಯಲು ಹೇಳಿದ್ದರಿಂದ ಫೋಟೋದಲ್ಲಿ ನನ್ನ ಕಣ್ಣಿಂದ ನೀರು ಸುರಿಯುತ್ತಿದೆ. ಮನೆಗೆ ಬಂದ ಮೇಲೆ ತಟ್ಟೆಯಲ್ಲಿ ಅರಿಶಿನ ಕುಂಕುಮ, ಹೂವು, ಒಂದು ಹಸಿರು ರೇಷ್ಮೆ ಸೀರೆ ಇಟ್ಟು ಕೊಟ್ಟರು. ನಾನು ಸಂತೋಷವಾಗಿಯೇ ಇದ್ದೆ.

ಜೂನ್ ಮೊದಲ ಭಾನುವಾರ ಹೊಸ ಕನ್ನಡಕ ಹಾಕಿಕೊಂಡು, ಅದೇ ಹಸಿರು ಸೀರೆ ಉಟ್ಟು ಬೇಲೂರಿಗೆ ಹೋದೆ. ನನ್ನ ಸರದಿ ಬಂದಾಗ ಮೊದಲ ಕಾದಂಬರಿ ಎತ್ತಿಕೊಂಡೆ. ಪಾಲಿಗಾಗಿ ಜಗಳವಾಡಿ ಗೆಲ್ಲುವ ಹೆಂಗಸರ ಕತೆ ಯಾರು ಬೇಕಾದರೂ ಬರೆಯಬಹುದು, ಗೆಲ್ಲುವ ಹೊತ್ತಿಗೆ ಬಿಟ್ಟುಕೊಡುವವಳನ್ನು ನಂಬುವ ಹಾಗೆ ಬರೆಯಲು ಧೈರ್ಯ ಬೇಕು ಅಂದೆ. ಹರಿದ ಚಪ್ಪಲಿಯ ಬಗ್ಗೆ ಕಾಲು ಗಂಟೆ ಮಾತಾಡಿದೆ. ತುಳಸಿ ಕಟ್ಟೆಯ ಬಗ್ಗೆ ಮಾತಾಡಿದೆ. ಇಷ್ಟು ಒಳ್ಳೆಯ ಅಂತ್ಯ ಕೊಟ್ಟವರ ಕೈಗೆ ನಮಸ್ಕಾರ ಅಂತಲೂ ಹೇಳಿದೆ.

ಯಾರೂ ಮಾತಾಡಲಿಲ್ಲ. ನನ್ನ ಮಾತಿಗೆ ಬೆರಗಾಗಿದ್ದಾರೆ ಅಂದುಕೊಂಡೆ. ಪೋಸ್ಟ್ ಮಾಸ್ತರರು ಮೆಲ್ಲಗೆ ಗಂಟಲು ಸರಿಮಾಡಿಕೊಂಡು, ನೀವು ಯಾವ ಮುದ್ರಣ ಓದಿದ್ದು ಅಂತ ಕೇಳಿದರು. ಆ ಪುಸ್ತಕ ಅವರೂ ಓದಿದ್ದರಂತೆ, ಅದರಲ್ಲಿ ಚಪ್ಪಲಿ ಬರುವುದಿಲ್ಲವಂತೆ. ನನಗೆ ರೇಗಿತು. ಕೊನೆಯವರೆಗೆ ಓದುವ ತಾಳ್ಮೆ ಇಲ್ಲದವರು ಕೂಟಕ್ಕೆ ಯಾಕೆ ಬರಬೇಕು ಅಂತ ಎಲ್ಲರ ಎದುರಿಗೆ ಅಂದುಬಿಟ್ಟೆ. ಅವರು ಸಿಟ್ಟಾಗಲಿಲ್ಲ. ನನ್ನ ಚೀಲದಿಂದಲೇ ನನ್ನ ಪುಸ್ತಕ ತೆಗೆದು, ಕೊನೆಯ ಪುಟ ತೆರೆದು ನನ್ನ ಕೈಗೆ ಕೊಟ್ಟರು.

ಅದರಲ್ಲಿ ಅಕ್ಕ ಕೇಸು ಗೆಲ್ಲುತ್ತಾಳೆ. ಮನೆಯ ಮಧ್ಯೆ ಗೋಡೆ ಏಳುತ್ತದೆ. ತನ್ನ ಅರ್ಧದಲ್ಲಿ ಒಲೆ ಹಚ್ಚಿ, ಒಬ್ಬಳೇ ಕೂತು, ಬಿಸಿ ಅನ್ನ ಕಲಸುತ್ತಾಳೆ. ಅಲ್ಲಿಗೆ ಮುಗಿಯುತ್ತದೆ.

ನನ್ನ ಅಭಿಪ್ರಾಯ ಕೇಳುವುದಾದರೆ, ಬಹಳ ಒಳ್ಳೆಯ ಅಂತ್ಯ. ನಿಂತಲ್ಲೇ ಎರಡು ಸಲ ಓದಿದೆ. ಉಳಿದ ಹತ್ತು ಜನರಲ್ಲಿ ಒಬ್ಬರೂ ನಗಲಿಲ್ಲ, ಅದೇ ನನಗೆ ಹೆಚ್ಚು ಅವಮಾನವಾಯಿತು. ನೋಟ್‌ಬುಕ್ಕಿಗೆ ಸಹಿ ಹಾಕದೆ ಬಸ್ಸು ಹತ್ತಿದೆ. ಹಳೇಬೀಡಿನ ಮನೆಗೆ ಬಂದು, ಸೀರೆಯನ್ನೂ ಬದಲಾಯಿಸದೆ, ಉಳಿದೆರಡು ಪುಸ್ತಕ ತೆಗೆದೆ. ಸಂಕಲನದಲ್ಲಿ ಹನ್ನೆರಡು ಕತೆಗಳಿದ್ದವು. ಬಿಟ್ಟುಹೋದದ್ದು ಅಣ್ಣತಮ್ಮಂದಿರ ಮನೆಯಲ್ಲಿ ವಯಸ್ಸಾದ ಒಬ್ಬ ಸೋದರತ್ತೆಯ ಕತೆ. ಇಡೀ ಸಂಕಲನದಲ್ಲಿ ಅದೇ ಚೆನ್ನಾಗಿದೆ. ಮೇಷ್ಟ್ರಮ್ಮನ ಆತ್ಮಕತೆಯಲ್ಲಿ ಬಚ್ಚಲೇ ಇಲ್ಲ. ಕೊನೆಯ ಅಧ್ಯಾಯದಲ್ಲಿ ಆಕೆ ನುಗ್ಗೆ ಮರ ಮಳೆಗೆ ಮುರಿದದ್ದನ್ನೂ, ಪಕ್ಕದಲ್ಲೇ ಮತ್ತೆ ಚಿಗುರಿದ್ದನ್ನೂ ಬರೆದಿದ್ದಾಳೆ. ಸ್ವಲ್ಪ ಸಪ್ಪೆ. ನಮ್ಮವಳ ಬಚ್ಚಲಿನ ಮುಂದೆ ಏನೂ ಅಲ್ಲ. ಇದನ್ನು ಒಪ್ಪಿಕೊಳ್ಳಲು ಹೊಟ್ಟೆ ಉರಿಯುತ್ತದೆ, ಆದರೂ ಅಭಿಪ್ರಾಯ ಅಂದ ಮೇಲೆ ಇದ್ದದ್ದನ್ನು ಹೇಳಬೇಕು.

ಮಾರನೆಯ ದಿನ ಬೆಳಿಗ್ಗೆ ಅರಸೀಕೆರೆಗೆ ಹೋದೆ. ತಮ್ಮ ಮಂಡಿಗೆ ಹೊರಟು ನಿಂತಿದ್ದ. ವಿಷಯ ಕೇಳಿ ಅವನು ನಿಜವಾಗಿಯೂ ಆಶ್ಚರ್ಯಪಟ್ಟ. ಅವನಿಗೂ ಗೊತ್ತಿರಲಿಲ್ಲ. ಆಮೇಲೆ ಚಪ್ಪಲಿ ಮೆಟ್ಟಿಕೊಳ್ಳುತ್ತ, ಕತೆ ಪುಸ್ತಕ ಕೇಳಿಕೊಂಡು ಯಾರಾದರೂ ಸಹಿ ಹಾಕುತ್ತಾರಾ ಅಕ್ಕ, ಅದೂ ಲೆಕ್ಕದ ಮೇಡಂ ನೀವು ಅಂದ. ಬರೆದುಕೊಟ್ಟದ್ದು ಬರೆದುಕೊಟ್ಟಂತೆಯೇ ಅಂತ ಅರ್ಥ. ಮಹಡಿ ಕೋಣೆ ನೋಡಲು ಹತ್ತಿದೆ. ಬಾಗಿಲವರೆಗೆ ತೆಂಗಿನಕಾಯಿ ತುಂಬಿತ್ತು. ಕೆಳಗಿನಿಂದಲೇ ಅವನು, ‘ದಸರಾ ಬರ್ಲಿ ಅಕ್ಕ, ನೋಡಾಣ’ ಅಂದು ಬೈಕು ಹತ್ತಿದ.

ತಮ್ಮನ ಹೆಂಡತಿ ಹಿತ್ತಲಲ್ಲಿ ರಾಗಿ ಹಸನು ಮಾಡುತ್ತಿದ್ದಳು. ಮೂರು ಪುಸ್ತಕವನ್ನೂ ಅವಳ ಮುಂದೆ ಇಟ್ಟೆ. ಅವಳು ಮೊರವನ್ನು ಪಕ್ಕಕ್ಕಿಟ್ಟು, ಕೈ ಕೊಡವಿಕೊಂಡಳು. ಸುಳ್ಳು ಹೇಳುತ್ತಾಳೆ ಅಂದುಕೊಂಡಿದ್ದೆ. ಹೇಳಲಿಲ್ಲ.

‘ಅವತ್ತು ನಿಮ್ ತಮ್ಮ ಬಾಗ್ಲಲ್ಲೇ ಕೂತಿದ್ರು ಅಕ್ಕ. ಅಕ್ಕ ಕೇಸು ಗೆದ್ಲು ಅಂತ ಅವ್ರ ಮುಂದೆ ಹೆಂಗೆ ಓದ್ಲಿ? ಬಾಯಿಗೆ ಬಂದಂಗೆ ಹೇಳ್ದೆ. ನೀವು ಅತ್ರಿ. ಇಂಥದ್ದು ಹುಟ್ಟಿದಾಗಿಂದ ಕಂಡಿಲ್ಲ ಅಂದ್ರಿ. ಈ ಮನೇಲಿ ನನ್ನ ಮಾತಿಗೆ ಅಂಗೆ ಯಾರು ಅಂದಿದ್ರು?’

ಮೂರನೆಯದು, ಆ ಬಚ್ಚಲು, ಅದೂ ಬಾಯಿಗೆ ಬಂದದ್ದೇ ಅಂತ ಕೇಳಿದೆ.

‘ಇಲ್ಲ. ಅದು ಬೇಕಂತಲೇ.’ ಮೊರದಲ್ಲಿದ್ದ ಒಂದು ಕಲ್ಲು ಆರಿಸಿ ಎಸೆದಳು. ‘ನನ್ನ ತವರಲ್ಲಿ ನಾನೂ ಸಹಿ ಹಾಕ್ದೆ ಅಕ್ಕ. ಒಂದು ಸೀರೆ ಕೊಟ್ರು. ನಂಗೆ ಯಾರೂ ಕತೆ ಓದ್ಲಿಲ್ಲ.’

ನನಗೆ ಅವಳನ್ನು ಬೈಯಬೇಕಿತ್ತು. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡು ಬಂದಿದ್ದೆ. ನಿನ್ನಂಥವಳ ಕೈಯಲ್ಲಿ ಕಣ್ಣು ಕೊಟ್ಟೆನಲ್ಲ ಅಂತ ಒಂದೇ ಮಾತು ಅಂದೆ. ಅವಳು ಒಳಗೆ ಹೋಗಿ, ದೇವರ ಗೂಡಿನಿಂದ ಪತ್ರದ ಒಂದು ಜೆರಾಕ್ಸ್ ಪ್ರತಿ ತಂದು ನನ್ನ ಪುಸ್ತಕಗಳ ಮೇಲಿಟ್ಟಳು.

‘ಇದೊಂದ್ನ ಮಾತ್ರ ಒಂದಕ್ಷರ ಬದ್ಲಾಯಿಸ್ದೆ ಓದ್ತಿದ್ದೆ. ಮಧ್ಯದಲ್ಲಿ ಐತೆ, ಕೇಳಿ ಅಂತಾನೇ ಇದ್ದೆ. ಸಾಕು ಅಂದೋರು ನೀವೇ.’

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಹೊಸ ಕನ್ನಡಕ ಹಾಕಿಕೊಂಡು ಪತ್ರವನ್ನು ಮೊದಲ ಸಾಲಿನಿಂದ ಓದಿದೆ. ಬಾಣಾವರ ದಾಟುವಾಗ ತೋಟದ ಹುಣಸೆ ಮರ ಕಂಡಿತು, ತಲೆ ಎತ್ತಿ ನೋಡಿ ಮತ್ತೆ ಓದಿದೆ. ಎರಡನೆಯ ಪುಟದ ಕೊನೆಗೆ ಅದು ಇತ್ತು: ತೋಟದಲ್ಲಿ ಮಾತ್ರವಲ್ಲ, ಅರಸೀಕೆರೆಯ ಮನೆಯಲ್ಲೂ, ಅದರ ಮಹಡಿಯಲ್ಲೂ, ನನಗೆ ವಾಸದ ಹಕ್ಕಾಗಲಿ ಬೇರಾವುದೇ ಹಕ್ಕಾಗಲಿ ಇರುವುದಿಲ್ಲ. ಭಾಷೆ ಸ್ಪಷ್ಟವಾಗಿತ್ತು, ಎಲ್ಲೂ ತೊಡಕಿರಲಿಲ್ಲ. ಜಾವಗಲ್ ಬರುವಷ್ಟರಲ್ಲಿ ಮುಗಿಯಿತು. ಕೊನೆಯಲ್ಲಿ, ಅವಳು ಓದಿದ ಸಾಲಿನ ಕೆಳಗೆ, ನನ್ನ ಸಹಿ ಇತ್ತು.